ಚಿನ್ನಸ್ವಾಮಿ ಕ್ರೀಡಾಂಗಣ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಹಾಕಿಯ ಜಿಲ್ಲೆ. ಆದರೂ ಏಪ್ರಿಲ್ ಬಂತು ಅಂದ್ರೆ ಎಲ್ಲರ ಮಾತೂ ಬೆಂಗಳೂರಿನ ಚಿನ್ನಸ್ವಾಮಿ ಕ್ರಿಕೆಟ್ ಮೈದಾನದ ಕಡೆಗೇ ತಿರುಗುತ್ತದೆ. ಈ ಮೈದಾನದ ಲೆಕ್ಕಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಹಳೇ ಅಭ್ಯಾಸ. ಅದು ಗೊತ್ತಿರುವವರು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಕಾಫಿ ಕಣದ ಪಕ್ಕ ನಿಂತು, ಕೆಲವರು ಕಾಗದ ಬರೆದು ಕೇಳಿದ್ದನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ.

### ಮೊದಲ ಪರಿಚಯ

ಚಿನ್ನಸ್ವಾಮಿ ಅಂದ್ರೆ ಯಾರು? ಹಳೇ ಕಾಲದ ಆಟಗಾರರಾ?

ಅಲ್ಲ. ಎಂ. ಚಿನ್ನಸ್ವಾಮಿ ವಕೀಲರು. ರಾಜ್ಯ ಕ್ರಿಕೆಟ್ ಸಂಸ್ಥೆಯ ಕೆಲಸದಲ್ಲಿ ನಾಲ್ಕು ದಶಕ ಕಳೆದವರು. 1977ರಿಂದ 1980ರವರೆಗೆ ದೇಶದ ಕ್ರಿಕೆಟ್ ಮಂಡಳಿ ಬಿಸಿಸಿಐ ಅಧ್ಯಕ್ಷರಾಗಿದ್ದರು. ಈ ಮೈದಾನ ಎದ್ದು ನಿಂತದ್ದರಲ್ಲಿ ಅವರ ಪಾಲು ದೊಡ್ಡದು. ಮೊದಲು ಇದನ್ನು ರಾಜ್ಯ ಸಂಸ್ಥೆಯ ಚುಟುಕು ಹೆಸರಿನಲ್ಲಿ ಕೆಎಸ್‌ಸಿಎ ಸ್ಟೇಡಿಯಂ ಎಂದೇ ಕರೆಯುತ್ತಿದ್ದರು, ಅವರ ಹೆಸರು ಬಂದದ್ದು ಆಮೇಲೆ.

ಇದನ್ನು ಕಟ್ಟಿದ್ದು ಯಾವಾಗ?

ಅಡಿಗಲ್ಲು ಹಾಕಿದ್ದು 1969ರಲ್ಲಿ, ಕಟ್ಟಡದ ಕೆಲಸ ಶುರುವಾದದ್ದು 1970ರಲ್ಲಿ. 1972-73ರ ಋತುವಿನಲ್ಲಿ ಪ್ರಥಮ ದರ್ಜೆ ಪಂದ್ಯಗಳು ಆರಂಭವಾದವು. ಅದಕ್ಕೂ ಮುಂಚೆ ಬೆಂಗಳೂರಿನ ದೊಡ್ಡ ಪಂದ್ಯಗಳು ಸೆಂಟ್ರಲ್ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದವು. 1974ರಲ್ಲಿ ಮೊದಲ ಟೆಸ್ಟ್, 1982ರ ಸೆಪ್ಟೆಂಬರ್ 26ರಂದು ಶ್ರೀಲಂಕಾ ವಿರುದ್ಧ ಮೊದಲ ಏಕದಿನ ಪಂದ್ಯ. ಹೊನಲು ಬೆಳಕಿನ ಕಂಬಗಳು ಬಂದದ್ದು 1996ರ ವಿಶ್ವಕಪ್‌ಗಾಗಿ.

ಮಡಿಕೇರಿಯಿಂದ ಮ್ಯಾಚ್ ನೋಡೋಕೆ ಹೋಗೋದು ಹೇಗೆ? ಕಾರ್ ತಗೊಂಡು ಹೋಗ್ಲಾ?

ಕಾರು ಬೇಡ ಅಂತಲೇ ನಾನು ಹೇಳುವುದು. ಮೈದಾನ ಎಂ.ಜಿ. ರಸ್ತೆ, ಕಬ್ಬನ್ ಪಾರ್ಕ್ ನಡುವೆ ಇದೆ. ಪಂದ್ಯದ ದಿನ ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಅರ್ಧ ಇನಿಂಗ್ಸ್ ಮುಗಿದಿರುತ್ತದೆ. ನಮ್ಮ ಜಿಲ್ಲೆಗೆ ರೈಲಿಲ್ಲ, ಹಾಗಾಗಿ ಕುಶಾಲನಗರ, ಹುಣಸೂರು, ಮೈಸೂರು ದಾಟಿ ಹೋಗುವ ಬಸ್ಸೇ ಗತಿ. ಸುಮಾರು 250 ಕಿಲೋಮೀಟರ್ ದಾರಿ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲೇ ಇಳಿದುಬಿಡಿ. ಹತ್ತಿರದ ದೀಪಾಂಜಲಿ ನಗರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಂದ ಮೈದಾನಕ್ಕೆ ನಡೆದೇ ಹೋಗಬಹುದು.

ನಮ್ಮ ಕೊಡಗಿನವರು ಯಾರಾದ್ರೂ ಅಲ್ಲಿ ಆಡಿದ್ದಾರಾ?

ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ರಾಬಿನ್ ಉತ್ತಪ್ಪ. ತಂದೆ ವೇಣು ಉತ್ತಪ್ಪ ಅಂತರರಾಷ್ಟ್ರೀಯ ಹಾಕಿ ಅಂಪೈರ್. ಹಾಕಿ ಮನೆಯ ಮಗ ಕ್ರಿಕೆಟ್ ಹಿಡಿದದ್ದು ನಮ್ಮಲ್ಲಿ ಇವತ್ತಿಗೂ ಮಾತಾಡುವ ವಿಷಯ. 2013-14 ಮತ್ತು 2014-15ರಲ್ಲಿ ಕರ್ನಾಟಕ ಸತತ ಎರಡು ಬಾರಿ ರಾಜ್ಯ ತಂಡಗಳ ಟೂರ್ನಿ ರಣಜಿ ಗೆದ್ದಾಗ ಅವರು ತಂಡದಲ್ಲಿದ್ದರು. ಬೆಂಗಳೂರಿನ ಐಪಿಎಲ್ ತಂಡ ಆರ್‌ಸಿಬಿಗೂ ಆಡಿದ್ದಾರೆ. ವೇಗದ ಬೌಲರ್ ಎನ್.ಸಿ. ಅಯ್ಯಪ್ಪ, ಎಡಗೈ ಸ್ಪಿನ್ನರ್ ಕೆ.ಪಿ. ಅಪ್ಪಣ್ಣ ರಾಜ್ಯ ತಂಡದಲ್ಲಿ ಆಡಿದವರು. ಸ್ಪಿನ್ನರ್ ಕೆ.ಸಿ. ಕಾರ್ಯಪ್ಪ ಅವರನ್ನು 2015ರ ಐಪಿಎಲ್ ಹರಾಜಿನಲ್ಲಿ ಕೋಲ್ಕತ್ತ ತಂಡ 2.4 ಕೋಟಿ ರೂಪಾಯಿಗೆ ಕೊಂಡಾಗ ಅವರಿನ್ನೂ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ.

### ನೆನಪಿನ ಪಂದ್ಯಗಳು

ಬಾಂಬೆಯನ್ನ ಕರ್ನಾಟಕ ಮಣಿಸಿದ್ದು ಈ ಮೈದಾನದಲ್ಲೇನಾ?

ಹೌದು, 1974ರ ರಣಜಿ ಸೆಮಿಫೈನಲ್‌ನಲ್ಲಿ. ಆಗ ಬಾಂಬೆ ಸತತ 15 ವರ್ಷ ರಣಜಿ ಗೆದ್ದಿದ್ದ ತಂಡ. ನಮ್ಮ ಕಡೆ ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದರು. ಆಮೇಲೆ ನಾಯಕ ಪ್ರಸನ್ನ ಗವಾಸ್ಕರ್ ಅವರನ್ನು ಬೌಲ್ಡ್ ಮಾಡಿದರು. ವಾಡೇಕರ್ ಓಡುವಾಗ ಜಾರಿ ರನೌಟ್ ಆದರು. ಮೊದಲ ಇನಿಂಗ್ಸ್ ಮುನ್ನಡೆ ಸಿಕ್ಕಿತು, ಅದರ ಬಲದಿಂದಲೇ ಫೈನಲ್‌ಗೆ ಹೋಗಿ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿಯೂ ಬಂತು.

ಇದರ ಹಿಂದೆ ಇನ್ನೊಂದು ಸಂಗತಿ ಇದೆ. ನಮ್ಮ ರಾಜ್ಯಕ್ಕೆ ಕರ್ನಾಟಕ ಅನ್ನುವ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಲ್ಲಿಯವರೆಗೆ ತಂಡದ ಹೆಸರು ಮೈಸೂರು. ಹೊಸ ಹೆಸರು ಬಂದ ಆ ಋತುವಿನಲ್ಲೇ ಮೊದಲ ರಣಜಿ ಟ್ರೋಫಿಯೂ ಬಂತು. 1956ರವರೆಗೆ ಬೇರೆ ರಾಜ್ಯವಾಗಿದ್ದ ಕೊಡಗಿನವನಾಗಿ ಇದನ್ನು ಓದುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ರಿಚರ್ಡ್ಸ್ ಮೊದಲ ಟೆಸ್ಟ್ ಆಡಿದ್ದು ಬೆಂಗಳೂರಲ್ಲಿ ಅಂತಾರೆ, ನಿಜವಾ?

ನಿಜ. 1974ರ ನವೆಂಬರ್ 22ರಂದು ಶುರುವಾದ ಆ ಪಂದ್ಯ ಮೈದಾನಕ್ಕೂ ಮೊದಲ ಟೆಸ್ಟ್, ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಮೊದಲ ಟೆಸ್ಟ್. ಗ್ರೀನಿಜ್ 93 ಮತ್ತು 107 ಹೊಡೆದರು. ರಿಚರ್ಡ್ಸ್ ಗಳಿಸಿದ್ದು 4 ಮತ್ತು 3 ಮಾತ್ರ. ಎರಡೂ ಸಲ ಔಟ್ ಮಾಡಿದ್ದು ನಮ್ಮ ಚಂದ್ರಶೇಖರ್. ನಾಯಕ ಕ್ಲೈವ್ ಲಾಯ್ಡ್ 163 ಹೊಡೆದರು. ಭಾರತದ ಪಟೌಡಿ ಮತ್ತು ಎಂಜಿನಿಯರ್ ಗಾಯಗೊಂಡು ಎರಡನೇ ಇನಿಂಗ್ಸ್‌ನಲ್ಲಿ ಬ್ಯಾಟಿಂಗ್‌ಗೆ ಬರಲಿಲ್ಲ. ವೆಸ್ಟ್ ಇಂಡೀಸ್ 267 ರನ್‌ಗಳಿಂದ ಗೆದ್ದಿತು.

ಭಾರತಕ್ಕೆ ಇಲ್ಲಿ ಮೊದಲ ಟೆಸ್ಟ್ ಗೆಲುವು ಸಿಕ್ಕಿದ್ದು 1977ರಲ್ಲಿ, ಇಂಗ್ಲೆಂಡ್ ವಿರುದ್ಧ 140 ರನ್‌ಗಳಿಂದ. ಆ ಪಂದ್ಯದಲ್ಲಿ ಯಜುರ್ವಿಂದ್ರ ಸಿಂಗ್ ಚೊಚ್ಚಲ ಟೆಸ್ಟಿನಲ್ಲೇ ಒಂದು ಇನಿಂಗ್ಸ್‌ನಲ್ಲಿ 5, ಪಂದ್ಯದಲ್ಲಿ 7 ಕ್ಯಾಚ್ ಹಿಡಿದು ವಿಶ್ವದಾಖಲೆ ಸರಿಗಟ್ಟಿದರು.

ಗವಾಸ್ಕರ್ ಕೊನೆಯ ಟೆಸ್ಟ್ ಇಲ್ಲೇ ಅಂತೆ. ಗೆದ್ವಾ, ಸೋತ್ವಾ?

ಸೋತೆವು, 16 ರನ್‌ಗಳಿಂದ. ಆದರೆ ಈ ಮೈದಾನದ ಒಂದೇ ಒಂದು ಪಂದ್ಯದ ಕಥೆ ಹೇಳು ಅಂದ್ರೆ ನಾನು ಹೇಳುವುದು ಇದನ್ನೇ.

1987ರ ಮಾರ್ಚ್. ಪಾಕಿಸ್ತಾನ ಮೊದಲು ಬ್ಯಾಟ್ ಮಾಡಿ 116ಕ್ಕೆ ಮುಗಿಯಿತು. ಮಣಿಂದರ್ ಸಿಂಗ್ 27 ರನ್ ಕೊಟ್ಟು 7 ವಿಕೆಟ್ ಕಿತ್ತರು. ಪಂದ್ಯ ನಮ್ಮದೇ ಅಂತ ಎಲ್ಲರೂ ಅಂದುಕೊಂಡರು. ಆದರೆ ಭಾರತ ಗಳಿಸಿದ್ದು 145 ಅಷ್ಟೇ. ಪಾಕಿಸ್ತಾನ ಎರಡನೇ ಸಲ 249 ಗಳಿಸಿ 221ರ ಗುರಿ ಇಟ್ಟಿತು.

ಅಷ್ಟು ಹೊತ್ತಿಗೆ ಪಿಚ್ ಒಡೆದು ಪುಡಿಯಾಗಿತ್ತು. ಒಂದು ಚೆಂಡು ನೆಲದಲ್ಲೇ ತೆವಳುತ್ತಿತ್ತು, ಇನ್ನೊಂದು ಎದೆಗೆ ನೆಗೆಯುತ್ತಿತ್ತು. ಅದರ ಮೇಲೆ ಗವಾಸ್ಕರ್ 264 ಎಸೆತ ಆಡಿದರು. ಚೆಂಡು ಕೊನೆಯ ಗಳಿಗೆಯಲ್ಲಿ ತಿರುಗಿದರೆ ಬ್ಯಾಟನ್ನು ಒಳಗೆಳೆದುಕೊಂಡು ಬಿಟ್ಟುಬಿಡುತ್ತಿದ್ದರು. ನೆಗೆದರೆ ಕೈ ಸಡಿಲ ಬಿಟ್ಟು ಕಾಲ ಬುಡಕ್ಕೇ ಬೀಳಿಸುತ್ತಿದ್ದರು. 96ರಲ್ಲಿದ್ದಾಗ ಇಕ್ಬಾಲ್ ಖಾಸಿಂ ಹಾಕಿದ ಒಂದು ಚೆಂಡು ಚಂಗನೆ ಎದ್ದು ಸ್ಲಿಪ್‌ನ ಕೈ ಸೇರಿತು. ಶತಕಕ್ಕೆ ನಾಲ್ಕು ರನ್ ಬಾಕಿ. ಅವರು ಎಂಟನೆಯವರಾಗಿ ಔಟಾದರು. ಬೆಂಗಳೂರಿನ ರೋಜರ್ ಬಿನ್ನಿ ಕೊನೆಯವರೆಗೆ ಹೋರಾಡಿದರೂ ಭಾರತ 204ಕ್ಕೆ ನಿಂತಿತು. ಖಾಸಿಂ, ತೌಸೀಫ್ ಅಹ್ಮದ್ ಇಬ್ಬರಿಗೂ ಪಂದ್ಯದಲ್ಲಿ ತಲಾ 9 ವಿಕೆಟ್. ಭಾರತದ ನೆಲದಲ್ಲಿ ಪಾಕಿಸ್ತಾನಕ್ಕೆ ಅದು ಮೊದಲ ಸರಣಿ ಗೆಲುವು.

ಚಿನ್ನಸ್ವಾಮಿ ಅಂದ್ರೆ ಬರೀ ಸಿಕ್ಸರ್ ಅನ್ನುವ ಹುಡುಗರಿಗೆ ಈ ಪಂದ್ಯದ ಸ್ಕೋರ್‌ಕಾರ್ಡ್ ತೋರಿಸುತ್ತೇನೆ. ಒಂದು ಇಡೀ ಟೆಸ್ಟಿನ ನಾಲ್ಕು ಇನಿಂಗ್ಸ್‌ನಲ್ಲಿ ಒಂದೂ ಶತಕವಿಲ್ಲ. ಆ 96ಕ್ಕಿಂತ ದೊಡ್ಡ ಆಟ ಈ ನೆಲದಲ್ಲಿ ಆಗಿಲ್ಲ ಅನ್ನುವುದು ನನ್ನ ನಂಬಿಕೆ.

ಪ್ರಸಾದ್, ಸೊಹೈಲ್ ಜಗಳ ಆಗಿದ್ದು ಯಾವ ಮ್ಯಾಚಲ್ಲಿ?

1996ರ ಮಾರ್ಚ್ 9, ಪಾಕಿಸ್ತಾನ ವಿರುದ್ಧದ ವಿಶ್ವಕಪ್ ಕ್ವಾರ್ಟರ್‌ಫೈನಲ್. ಆ ರಾತ್ರಿ ನಮ್ಮ ಸುತ್ತಮುತ್ತಲಿನವರೆಲ್ಲ ಒಂದೇ ಟಿವಿ ಮುಂದೆ ಇದ್ದೆವು. ಒಳಗೆ ಜಾಗ ಸಾಲದೆ ಕೆಲವರು ಜಗಲಿಯಲ್ಲಿ ನಿಂತು ಕಿಟಕಿಯಿಂದ ನೋಡಿದರು.

ಭಾರತ 287 ಗಳಿಸಿತ್ತು. ಸಿಧು 93. ಅಜಯ್ ಜಡೇಜ 25 ಎಸೆತಗಳಲ್ಲಿ 45 ಹೊಡೆದು ವಕಾರ್ ಯೂನಿಸ್ ಅವರನ್ನು ಚೆಂಡಾಡಿದರು. ಪಾಕಿಸ್ತಾನವೂ ಬಿರುಸಾಗಿಯೇ ಶುರು ಮಾಡಿತು. 15ನೇ ಓವರ್‌ನಲ್ಲಿ ಅವರ ಆರಂಭಿಕ ಆಟಗಾರ ಆಮಿರ್ ಸೊಹೈಲ್ ನಮ್ಮ ಬೌಲರ್ ವೆಂಕಟೇಶ್ ಪ್ರಸಾದ್‌ಗೆ ಬೌಂಡರಿ ಹೊಡೆದು, ಮತ್ತೆ ಅಲ್ಲಿಗೇ ಹೊಡೀತೀನಿ ಅನ್ನುವಂತೆ ಬ್ಯಾಟ್ ತೋರಿಸಿದರು. ಮುಂದಿನ ಎಸೆತಕ್ಕೇ ಆಫ್ ಸ್ಟಂಪ್ ಹಾರಿತು. 113ಕ್ಕೆ ಎರಡನೇ ವಿಕೆಟ್. ಅಲ್ಲಿಂದ ಪಂದ್ಯ ತಿರುಗಿ ಭಾರತ 39 ರನ್‌ಗಳಿಂದ ಗೆದ್ದಿತು. ಪ್ರಸಾದ್, ಕುಂಬ್ಳೆ ತಲಾ 3 ವಿಕೆಟ್ ಪಡೆದರು, ಇಬ್ಬರಿಗೂ ಇದು ಮನೆಯಂಗಳ. ಜಾವೇದ್ ಮಿಯಾಂದಾದ್ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವೂ ಅದೇ.

ಅದೇ ವರ್ಷದ ಅಕ್ಟೋಬರ್ 21ರಂದು ಟೈಟನ್ ಕಪ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 216ರ ಗುರಿ ಇತ್ತು. ಸಚಿನ್ 88ಕ್ಕೆ ಔಟಾದಾಗ ಸ್ಕೋರು 164ಕ್ಕೆ 8. ಎಷ್ಟೋ ಮನೆಗಳಲ್ಲಿ ಟಿವಿ ಆರಿಸಿಬಿಟ್ಟರು. ಮೈಸೂರಿನ ಶ್ರೀನಾಥ್ ಮತ್ತು ಬೆಂಗಳೂರಿನ ಕುಂಬ್ಳೆ 52 ರನ್ ಸೇರಿಸಿ ಗೆಲ್ಲಿಸಿದರು. ಆರಿಸಿದವರು ಇವತ್ತಿಗೂ ಕೈ ಕೈ ಹಿಸುಕಿಕೊಳ್ಳುತ್ತಾರೆ.

2011ರ ವಿಶ್ವಕಪ್‌ನಲ್ಲಿ ಟೈ ಆಗಿದ್ದು ಇಲ್ಲೇ ಅಲ್ವಾ?

ಇಲ್ಲೇ, ಫೆಬ್ರುವರಿ 27ರಂದು, ಭಾರತ ಮತ್ತು ಇಂಗ್ಲೆಂಡ್ ನಡುವೆ. ಆ ಪಂದ್ಯ ಕೋಲ್ಕತ್ತದಲ್ಲಿ ಆಗಬೇಕಿತ್ತು. ಈಡನ್ ಗಾರ್ಡನ್ಸ್ ಸಿದ್ಧವಾಗದೆ ಬೆಂಗಳೂರಿಗೆ ಬಂತು. ಸಚಿನ್ 120, ಸ್ಟ್ರಾಸ್ 158, ಎರಡೂ ತಂಡ 338. ಮೂರೇ ದಿನ ಕಳೆದು ಮಾರ್ಚ್ 2ರಂದು ಅದೇ ಇಂಗ್ಲೆಂಡಿನ 327 ರನ್‌ಗಳನ್ನು ಐರ್ಲೆಂಡ್ ಬೆನ್ನಟ್ಟಿ ಗೆದ್ದಿತು. ಕೆವಿನ್ ಓಬ್ರಿಯಾನ್ 50 ಎಸೆತಗಳಲ್ಲಿ ಶತಕ ಹೊಡೆದರು.

ಹೆಣ್ಮಕ್ಕಳ ಕ್ರಿಕೆಟ್‌ಗೂ ಈ ಮೈದಾನಕ್ಕೂ ಏನಾದ್ರೂ ನಂಟಿದೆಯಾ?

ಗೋಣಿಕೊಪ್ಪದ ಒಬ್ಬ ಹೈಸ್ಕೂಲ್ ಹುಡುಗಿ ಕೇಳಿದ ಪ್ರಶ್ನೆ. ಬಹಳ ಗಟ್ಟಿ ನಂಟಿದೆ. ಭಾರತದ ಮಹಿಳಾ ತಂಡ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದ್ದೇ ಇಲ್ಲಿ, 1976ರ ಅಕ್ಟೋಬರ್ 31ರಿಂದ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಪಂದ್ಯ ಡ್ರಾ ಆಯಿತು. ಅದೇ ಸರಣಿಯಲ್ಲಿ ಪಟ್ನಾದಲ್ಲಿ ತಂಡಕ್ಕೆ ಮೊದಲ ಗೆಲುವು ಸಿಕ್ಕಿತು.

2024ರ ಜೂನ್ 19ರಂದು ದಕ್ಷಿಣ ಆಫ್ರಿಕಾ ವಿರುದ್ಧದ ಏಕದಿನ ಪಂದ್ಯದಲ್ಲಿ ಒಂದೇ ದಿನ ನಾಲ್ಕು ಶತಕ ಬಂದವು. ಸ್ಮೃತಿ ಮಂಧಾನ 136, ಹರ್ಮನ್‌ಪ್ರೀತ್ ಕೌರ್ ಔಟಾಗದೆ 103. ಆ ಕಡೆ ವೋಲ್ವಾರ್ಟ್ ಔಟಾಗದೆ 135, ಮರಿಝಾನ್ ಕ್ಯಾಪ್ 114. ಭಾರತ 325, ಅವರು 321. ನಾಲ್ಕು ರನ್ ಗೆಲುವು. ಗಂಡಸರ ಪಂದ್ಯಗಳ ಪಟ್ಟಿ ಬಾಯಿಪಾಠ ಹೇಳುವವರಿಗೂ ಇದು ನೆನಪಿರುವುದಿಲ್ಲ, ನನಗೆ ಅದು ಬೇಸರ.

### ದಾಖಲೆಗಳು

ಕ್ವಿಜ್‌ಗೆ ಬೇಕು, ಮುಖ್ಯ ದಾಖಲೆ ಒಂದೇ ಕಡೆ ಹೇಳ್ತೀರಾ?

ಟೆಸ್ಟಿನಲ್ಲಿ ದೊಡ್ಡ ಮೊತ್ತ ಭಾರತದ 626, 2007ರಲ್ಲಿ ಪಾಕಿಸ್ತಾನ ವಿರುದ್ಧ. 61ಕ್ಕೆ 4 ವಿಕೆಟ್ ಬಿದ್ದಿದ್ದಾಗ ಗಂಗೂಲಿ 239, ಯುವರಾಜ್ 169 ಹೊಡೆದು ಎತ್ತಿ ನಿಲ್ಲಿಸಿದರು. ಕಡಿಮೆ ಮೊತ್ತವೂ ಭಾರತದ್ದೇ, 46. ಒಬ್ಬರ ದೊಡ್ಡ ಸ್ಕೋರು ಯೂನಿಸ್ ಖಾನ್ ಅವರ 267, 2005ರಲ್ಲಿ. ಬೌಲಿಂಗ್‌ನಲ್ಲಿ ನೇಥನ್ ಲಯನ್ 50 ರನ್‌ಗೆ 8 ವಿಕೆಟ್, 2017ರಲ್ಲಿ.

ಏಕದಿನದಲ್ಲಿ ದೊಡ್ಡ ಮೊತ್ತ 2023ರ ವಿಶ್ವಕಪ್‌ನಲ್ಲಿ ನೆದರ್‌ಲೆಂಡ್ಸ್ ವಿರುದ್ಧ ಭಾರತದ 410. ಅವತ್ತು ಮೊದಲ ಐವರೂ 50 ದಾಟಿದರು, ಕೆ.ಎಲ್. ರಾಹುಲ್ 62 ಎಸೆತಗಳಲ್ಲಿ ಶತಕ ಮುಗಿಸಿದರು. ಒಬ್ಬರದ್ದು ರೋಹಿತ್ ಶರ್ಮ 209, 2013ರಲ್ಲಿ ಆಸ್ಟ್ರೇಲಿಯಾ ವಿರುದ್ಧ, 16 ಸಿಕ್ಸರ್ ಸಮೇತ. ಟಿ20ಯಲ್ಲಿ ಚಾಹಲ್ ಇಂಗ್ಲೆಂಡ್ ವಿರುದ್ಧ 25ಕ್ಕೆ 6, 2017ರಲ್ಲಿ.

ಗೇಲ್ 175 ದೊಡ್ಡದಾ, ಮೆಕಲಮ್ 158 ದೊಡ್ಡದಾ?

ಮೆಕಲಮ್ ಕೋಲ್ಕತ್ತ ಪರ ಆಡಿದ್ದು 2008ರ ಏಪ್ರಿಲ್ 18ರಂದು, ಐಪಿಎಲ್‌ನ ಮೊಟ್ಟಮೊದಲ ಪಂದ್ಯದಲ್ಲಿ, 73 ಎಸೆತಗಳಲ್ಲಿ. ಉತ್ತರವಾಗಿ ಆರ್‌ಸಿಬಿ 82ಕ್ಕೆ ಔಟಾಯಿತು. ಗೇಲ್ ಆರ್‌ಸಿಬಿ ಪರ 2013ರ ಏಪ್ರಿಲ್ 23ರಂದು ಪುಣೆ ವಿರುದ್ಧ 66 ಎಸೆತಗಳಲ್ಲಿ ಔಟಾಗದೆ 175, ಶತಕ ಬರೀ 30 ಎಸೆತಗಳಲ್ಲಿ. ಲೆಕ್ಕದಲ್ಲಿ ಗೇಲ್ ಮುಂದೆ. ಆದರೆ ಇಂಥ ಟೂರ್ನಿಯನ್ನು ಜನ ನೋಡ್ತಾರಾ ಎಂಬ ಅನುಮಾನ ಇದ್ದ ರಾತ್ರಿ ಬಂದದ್ದು ಮೆಕಲಮ್ ಆಟ. ನನ್ನ ಮತ ಅದಕ್ಕೇ. ತಂಡದ ಲೆಕ್ಕ ಕೇಳಿದರೆ 2024ರ ಏಪ್ರಿಲ್ 15ರ ಹೈದರಾಬಾದ್ ಮೊತ್ತ 287, ಆರ್‌ಸಿಬಿ 262. ಒಂದೇ ಪಂದ್ಯದಲ್ಲಿ 549 ರನ್.

ಸ್ವಂತ ನೆಲದಲ್ಲಿ 46ಕ್ಕೆ ಆಲೌಟ್ ಆಗೋದು ಹೇಗೆ ಸಾಧ್ಯ?

2024ರ ಅಕ್ಟೋಬರ್, ನ್ಯೂಜಿಲೆಂಡ್ ವಿರುದ್ಧ. ಮೊದಲ ದಿನ ಪೂರ್ತಿ ಮಳೆ. ಪಿಚ್ ಹೊದಿಕೆಯ ಕೆಳಗೆ ತೇವ ಹಿಡಿದು ಕೂತಿತ್ತು. ಎರಡನೇ ದಿನ ಮೋಡ ಮುಸುಕಿದ್ದಾಗಲೇ ಭಾರತ ಟಾಸ್ ಗೆದ್ದು ಬ್ಯಾಟಿಂಗ್ ಆರಿಸಿಕೊಂಡಿತು. ಪಿಚ್ ಓದುವುದರಲ್ಲಿ ತಪ್ಪಿದೆ ಎಂದು ರೋಹಿತ್ ಆಮೇಲೆ ಒಪ್ಪಿಕೊಂಡರು. ಮ್ಯಾಟ್ ಹೆನ್ರಿ 15ಕ್ಕೆ 5, ಓರೂರ್ಕ್ 22ಕ್ಕೆ 4. ಐವರು ಸೊನ್ನೆ ಸುತ್ತಿದರು. ಎರಡನೇ ಇನಿಂಗ್ಸ್‌ನಲ್ಲಿ ಸರ್ಫರಾಜ್ ಖಾನ್ 150 ಹೊಡೆದು ಭಾರತ 462 ಗಳಿಸಿದರೂ ನ್ಯೂಜಿಲೆಂಡ್ 8 ವಿಕೆಟ್‌ಗಳಿಂದ ಗೆದ್ದಿತು. 36 ವರ್ಷಗಳ ಬಳಿಕ ಭಾರತದಲ್ಲಿ ಅವರಿಗೆ ಸಿಕ್ಕ ಟೆಸ್ಟ್ ಗೆಲುವು.

ಇಲ್ಲಿ ಮೊದಲು ಅಥವಾ ಕೊನೆ ಸಲ ಆಡಿದ ದೊಡ್ಡವರು ಇನ್ಯಾರಿದ್ದಾರೆ?

ಮೈಕೆಲ್ ಕ್ಲಾರ್ಕ್ 2004ರಲ್ಲಿ ಚೊಚ್ಚಲ ಟೆಸ್ಟಿನಲ್ಲೇ 151 ಹೊಡೆದದ್ದು ಇಲ್ಲಿ. ಅದೇ ಟೆಸ್ಟಿನಲ್ಲಿ ಕುಂಬ್ಳೆ 400ನೇ ವಿಕೆಟ್ ಪಡೆದರು. ಚೇತೇಶ್ವರ ಪೂಜಾರ 2010ರಲ್ಲಿ, ಸಚಿನ್ 214 ಹೊಡೆದ ಟೆಸ್ಟಿನಲ್ಲಿ ಶುರು ಮಾಡಿ ನಾಲ್ಕನೇ ಇನಿಂಗ್ಸ್‌ನಲ್ಲಿ 72 ಗಳಿಸಿದರು. ಅಜರುದ್ದೀನ್ 99ನೇ ಮತ್ತು ಕೊನೆಯ ಟೆಸ್ಟ್ ಆಡಿದ್ದು 2000ದಲ್ಲಿ ಇಲ್ಲೇ, 102 ಹೊಡೆದು. ರಿಚರ್ಡ್ ಹ್ಯಾಡ್ಲಿ 1988ರಲ್ಲಿ ಅರುಣ್ ಲಾಲ್ ಅವರನ್ನು ಔಟ್ ಮಾಡಿ 374ನೇ ವಿಕೆಟ್‌ನೊಂದಿಗೆ ಬೋಥಂ ಅವರ ಅತಿ ಹೆಚ್ಚು ಟೆಸ್ಟ್ ವಿಕೆಟ್‌ಗಳ ದಾಖಲೆ ಮುರಿದದ್ದೂ ಇಲ್ಲೇ. ಅಫ್ಘಾನಿಸ್ತಾನ ತನ್ನ ಮೊದಲ ಟೆಸ್ಟ್ ಆಡಿದ್ದು 2018ರಲ್ಲಿ ಈ ಮೈದಾನದಲ್ಲಿ. ಎರಡೇ ದಿನದಲ್ಲಿ ಮುಗಿಯಿತು.

### ಇನ್ನಷ್ಟು ಒಳಗಿನ ಸಂಗತಿ

ಇಲ್ಲಿ ಅಷ್ಟೊಂದು ಸಿಕ್ಸರ್ ಯಾಕೆ ಬೀಳ್ತವೆ?

ಬೌಂಡರಿ ಚಿಕ್ಕದು, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಕಾರಣ ಎತ್ತರ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅಲ್ಲಿ ಗಾಳಿ ಚೆನ್ನೈ, ಮುಂಬೈಗಿಂತ ಹೆಚ್ಚೂಕಮ್ಮಿ ಶೇ 10ರಷ್ಟು ತೆಳು. ಚೆಂಡನ್ನು ತಡೆಯುವ ಗಾಳಿ ಕಡಿಮೆಯಾದರೆ ಅದೇ ಹೊಡೆತ ಒಂದಿಷ್ಟು ದೂರ ಜಾಸ್ತಿ ಹೋಗುತ್ತದೆ. ನಮ್ಮ ಮಡಿಕೇರಿ ಬೆಂಗಳೂರಿಗಿಂತಲೂ ಎತ್ತರದಲ್ಲಿದೆ. ನಮ್ಮ ಹುಡುಗರು ಹೊಡೆದ ಚೆಂಡು ತೋಟದೊಳಗೆ ಬಿದ್ದು ಕಳೆದುಹೋಗುವುದಕ್ಕೆ ಅದೂ ಒಂದು ಕಾರಣ ಇರಬೇಕು.

ಐಪಿಎಲ್‌ನಲ್ಲಿ ಬ್ಯಾಟಿಂಗ್ ಪಿಚ್, ಟೆಸ್ಟಲ್ಲಿ ಸ್ಪಿನ್. ಎರಡೂ ಒಂದೇ ಪಿಚ್ಚಾ?

ನಡುವಿನ ಚೌಕದಲ್ಲಿ ಪಕ್ಕಪಕ್ಕ ಹಲವು ಪಿಚ್‌ಗಳಿರುತ್ತವೆ. ಯಾವುದಕ್ಕೆ ಎಷ್ಟು ನೀರು, ಎಷ್ಟು ರೋಲರ್, ಎಷ್ಟು ಹುಲ್ಲು ಅನ್ನುವುದರ ಮೇಲೆ ಆಟ ನಿಲ್ಲುತ್ತದೆ. ಇಪ್ಪತ್ತು ಓವರ್‌ಗೆ ಪಿಚ್ ಗಟ್ಟಿಯಾಗಿ ಉಳಿದರೆ ಸಾಕು. ಟೆಸ್ಟಿನಲ್ಲಿ ನಾಲ್ಕೈದು ದಿನ ಬಿಸಿಲು ಬಿದ್ದು ತೇವ ಹೋಗುತ್ತದೆ, ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ನಮ್ಮ ಗದ್ದೆ ಬಿರಿಯುತ್ತದಲ್ಲ, ಹಾಗೆ. 2017ರಲ್ಲಿ ಆಸ್ಟ್ರೇಲಿಯಾಕ್ಕೆ 188ರ ಗುರಿ ಸಿಕ್ಕಿದಾಗ ಅಶ್ವಿನ್ 41ಕ್ಕೆ 6 ಕಿತ್ತು 112ಕ್ಕೆ ಮುಗಿಸಿದ್ದು ಇಂಥ ಪಿಚ್ ಮೇಲೆ.

ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಹೇಗೆ ಶುರು ಮಾಡ್ತಾರೆ? ನಮ್ಮಲ್ಲಿ ಆದ್ರೆ ವಾರ ಬೇಕು!

ಮಳೆ ಬಗ್ಗೆ ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್‌ನಲ್ಲಿ ನಾವು ಕಾಫಿಗೆ ಹೂಮಳೆ ಬರಲಿ ಅಂತ ಆಕಾಶ ನೋಡುತ್ತೇವೆ, ಸಂಜೆ ಟಿವಿ ಮುಂದೆ ಕೂತು ಬೆಂಗಳೂರಲ್ಲಿ ಮಾತ್ರ ಬೇಡಪ್ಪ ಅನ್ನುತ್ತೇವೆ.

2015ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಟೆಸ್ಟ್ ಇತ್ತು. ಎಬಿ ಡಿವಿಲಿಯರ್ಸ್‌ಗೆ ನೂರನೇ ಟೆಸ್ಟ್. ಮೊದಲ ದಿನ ಆಟ ಆಯಿತು, ಉಳಿದ ನಾಲ್ಕು ದಿನ ಮಳೆಗೆ ಹೋಯಿತು. 2017ರಲ್ಲಿ ಸಬ್‌ಏರ್ ಅನ್ನುವ ವ್ಯವಸ್ಥೆ ಹಾಕಿದರು. ಕ್ರಿಕೆಟ್ ಮೈದಾನಕ್ಕೆ ಇದು ಬಂದದ್ದು ಇಲ್ಲೇ ಮೊದಲು. ಹುಲ್ಲಿನ ಕೆಳಗೆ ಮರಳು, ಮರಳಿನ ಕೆಳಗೆ ತೂತಿನ ಪೈಪುಗಳ ಜಾಲ. ಯಂತ್ರ ಆ ಪೈಪುಗಳಿಂದ ಗಾಳಿಯನ್ನು ಜೋರಾಗಿ ಎಳೆಯುತ್ತದೆ. ಗಾಳಿಯ ಜೊತೆ ನೀರೂ ಕೆಳಗೆ ಇಳಿಯುತ್ತದೆ, ನಿಮಿಷಕ್ಕೆ 10,000 ಲೀಟರ್‌ವರೆಗೆ. ತೋಟದಲ್ಲಿ ನಾವು ಚರಂಡಿ ತೋಡಿ ನೀರು ಪಕ್ಕಕ್ಕೆ ಹರಿಸುತ್ತೇವೆ, ಅವರು ನೇರ ಕೆಳಗೆ ಹೀರಿಸುತ್ತಾರೆ. ಅಷ್ಟೇ ವ್ಯತ್ಯಾಸ.

ಆದರೆ ಮಳೆ ಒಂದೇ ಸಮನೆ ಸುರಿಯುತ್ತಿದ್ದರೆ ಯಂತ್ರವೂ ಏನೂ ಮಾಡಲಾರದು. 2024ರಲ್ಲಿ ಇಡೀ ದಿನ ಹೋದದ್ದು ಹಾಗೆ.

ಚಾವಣಿ ಮೇಲೆ ಸೋಲಾರ್ ಇದೆಯಂತೆ?

ಇದೆ. 2015ರಲ್ಲಿ ಹಾಕಿದ್ದು, ಸುಮಾರು 400 ಕಿಲೋವಾಟ್.

2025ರ ಜೂನ್‌ನಲ್ಲಿ ಆಗಿದ್ದರ ಬಗ್ಗೆ ಬರೀತೀರಾ?

ಬರೆಯಲೇಬೇಕು. ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತು. ಮರುದಿನ ವಿಜಯೋತ್ಸವಕ್ಕೆ ಮೈದಾನದ ಹೊರಗೆ ಲಕ್ಷಗಟ್ಟಲೆ ಜನ ಸೇರಿದರು. ಗೇಟುಗಳ ಬಳಿ ಕಾಲ್ತುಳಿತವಾಗಿ 11 ಜನ ತೀರಿಕೊಂಡರು. ಹೆಚ್ಚಿನವರು ಎಳೆಯರು. ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹಾ ಆಯೋಗ ತನಿಖೆ ನಡೆಸಿ, ಈ ಜಾಗದ ರಚನೆಯೇ ದೊಡ್ಡ ಜನಸಂದಣಿಗೆ ಸುರಕ್ಷಿತವಲ್ಲ ಎಂದಿತು. ಆ ವರ್ಷದ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನ ಕೈತಪ್ಪಿದವು, ಬದಲಿ ತಾಣವಾಗಿ ನವಿ ಮುಂಬೈ ಬಂತು.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನನ್ನ ಮಾತು ಇಷ್ಟೇ: ಟಿಕೆಟ್ ಕೈಯಲ್ಲಿಲ್ಲದೆ ಗೇಟಿನ ಹತ್ತಿರ ಹೋಗಬೇಡಿ. ಬೇಗ ಹೋಗಿ, ನಿಧಾನವಾಗಿ ಹೊರಗೆ ಬನ್ನಿ. ಬಸ್ ತಪ್ಪಿದರೆ ಇನ್ನೊಂದು ಬಸ್ ಇದೆ.

ಗದ್ದೆಯಲ್ಲಿ ಆಡಿ ಬೆಳೆದ ಹುಡುಗ ಚಿನ್ನಸ್ವಾಮಿವರೆಗೆ ಹೋಗೋಕೆ ಆಗುತ್ತಾ?

ಸೋಮವಾರಪೇಟೆ ಕಡೆಯ ಒಬ್ಬ ತಂದೆ ಬರೆದ ಕಾಗದದಲ್ಲಿತ್ತು ಈ ಪ್ರಶ್ನೆ. ದಾರಿ ಇದೆ. ರಾಜ್ಯ ಸಂಸ್ಥೆ ಕರ್ನಾಟಕವನ್ನು ವಲಯಗಳಾಗಿ ಹಂಚಿದೆ. ಕೊಡಗೂ ಅಂಥ ಒಂದು ವಲಯಕ್ಕೆ ಸೇರುತ್ತದೆ. ವಯಸ್ಸಿನ ಗುಂಪುಗಳ ಆಯ್ಕೆ ವಲಯದಿಂದಲೇ ಶುರು. ಅಲ್ಲಿ ರನ್ ಗಳಿಸಿದರೆ, ವಿಕೆಟ್ ಕಿತ್ತರೆ ರಾಜ್ಯದ ಆಯ್ಕೆಗಾರರ ಕಣ್ಣಿಗೆ ಬೀಳುತ್ತಾರೆ.

ಕಷ್ಟ ಇರುವುದು ಚೆಂಡಿನ ಪುಟಿತದಲ್ಲಿ. ಕೊಯ್ಲು ಮುಗಿದ ಗದ್ದೆಯಲ್ಲಿ ಚೆಂಡು ಮೊಣಕಾಲಿನ ಮೇಲೆ ಏಳುವುದೇ ಕಡಿಮೆ. ಹಾಗಾಗಿ ನಮ್ಮ ಹುಡುಗರು ಬಗ್ಗಿ, ಅಡ್ಡ ಬ್ಯಾಟ್ ಬೀಸಿ ಕಲಿಯುತ್ತಾರೆ. ಟರ್ಫ್ ಮೇಲೆ ಅದೇ ಚೆಂಡು ಎದೆಗೆ ಬರುತ್ತದೆ. ನಿಮ್ಮ ಮಗನಿಗೆ ಹನ್ನೊಂದು ವರ್ಷ ಅಂತ ಬರೆದಿದ್ದೀರಿ. ಈ ರಜೆಯಲ್ಲೇ ಮೈಸೂರಿನ ಯಾವುದಾದರೂ ಟರ್ಫ್ ನೆಟ್ಸ್‌ಗೆ ಕರೆದುಕೊಂಡು ಹೋಗಿ, ಚರ್ಮದ ಚೆಂಡಿನಲ್ಲಿ ಆಡಿಸಿ. ಹೆಲ್ಮೆಟ್ ಮರೆಯಬೇಡಿ.